ಚಂದಾ ಎತ್ತಿ ಬಿಡಿಸಿದ ಕುಂಚ

ಶ್ರೀರಂಗಪಟ್ಟಣ

ಪ್ರಿಯ ಗೆಳೆಯಾ,

ನಾಗಮಂಗಲದಿಂದ ನೀನು ಬರೆದ ಕಾಗದ ತಲುಪಿತು. ಮಗಳು ಕಂಪ್ಯೂಟರ್‌ನಲ್ಲೂ ಚಿತ್ರ ಬರೆಯಬೇಕಂತೆ, ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಕೊಡಿಸಲೇ ಎಂದು ಕೇಳಿದ್ದೀಯ. ಬ್ಯಾಡ ಕಣಯ್ಯ, ದುಡ್ಡು ಇಟ್ಟುಕೋ, ಪುಕ್ಕಟೆ ಸಿಗುವವೇ ಸಾಕು.

ಪುಕ್ಕಟೆ ಅಂದರೆ ಕಳಪೆ ಅನ್ನುವ ಅನುಮಾನ ನನಗೂ ಇತ್ತು. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನ ಕಥೆ ಕೇಳಿದ ಮೇಲೆ ಹೋಯಿತು. ಅದನ್ನು ಕಟ್ಟಿದ ಡಚ್ಚರವನು ಟಾನ್ ರೂಸೆಂಡಾಲ್. ಕಂಪನಿ ಮುಚ್ಚಿ ಸಾಫ್ಟ್‌ವೇರ್ ಹೂಡಿಕೆದಾರರ ಕೈಲಿ ಸಿಕ್ಕಿಕೊಂಡಾಗ, 2002ರಲ್ಲಿ, ನಾವು ಜಾತ್ರೆಗೆ ಎತ್ತುವ ಹಾಗೆ ಚಂದಾ ಎತ್ತಿದ. ಏಳು ವಾರದಲ್ಲಿ 1 ಲಕ್ಷ ಯೂರೊ ಕೂಡಿತು, ಒತ್ತೆ ಬಿಟ್ಟಿತು. ಬ್ಲೆಂಡರಿನಲ್ಲೇ ಮಾಡಿದ ಲಾಟ್ವಿಯಾದ 'ಫ್ಲೋ', ಮಾತೇ ಇಲ್ಲದ ಬೆಕ್ಕಿನ ಚಿತ್ರ, 2025ರ ಮಾರ್ಚಿನಲ್ಲಿ ಆಸ್ಕರ್ ಗೆದ್ದಿತು. ನಿಮ್ಮೂರ ಲೋಹಶಿಲ್ಪಿಗಳು ಮೇಣ ತಿದ್ದುವ ಹಾಗೆ ಅದರಲ್ಲೂ ಒತ್ತಿ, ಎಳೆದು ಮೂರ್ತಿ ಮಾಡಬಹುದು. ಆದರೆ ಅದು ಆಮೇಲೆ.

ಮೊದಲು ಗೆರೆ ಚಿತ್ರದ ಇಂಕ್‌ಸ್ಕೇಪ್. ಒಂದು ಭಾನುವಾರ ಅವಳನ್ನು ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಕರೆದುಕೊಂಡು ಹೋಗು, ಲಕ್ಷ್ಮೀನಾರಾಯಣ ಗುಡಿಯ ಜಗಲಿ ಸುತ್ತಿಸು. ಮನೆಗೆ ಬಂದು ಇಂಕ್‌ಸ್ಕೇಪಿನಲ್ಲಿ ಒಂದು ಚೌಕ ಎಳೆಯಲಿ. ಅದರ ಪ್ರತಿಯನ್ನು ನಡುಬಿಂದು ಕದಲದಂತೆ 22.5 ಡಿಗ್ರಿ ತಿರುಗಿಸಲಿ; ಹಾಗೇ ಮತ್ತೊಂದು, ಇನ್ನೊಂದು. ನಾಲ್ಕು ಚೌಕಕ್ಕೆ 16 ಮೂಲೆಯ ನಕ್ಷತ್ರ! ಹೊಯ್ಸಳರ ನಕ್ಷತ್ರ ಗುಡಿಗಳ ಗುಟ್ಟೂ ಚೌಕ ತಿರುಗಿಸುವುದೇ. ಇಂಕ್‌ಸ್ಕೇಪಿನ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಲಗ್ನಪತ್ರಿಕೆಗೂ ಫ್ಲೆಕ್ಸಿಗೂ ಒಂದೇ ಫೈಲು.

ಬಣ್ಣಕ್ಕೆ ಕ್ರಿಟಾ. ಸ್ವೀಡನ್ನಿನ ಮಾತಿನಲ್ಲಿ ಬಳಪ ಎಂದರ್ಥ. ಮಹಾಭಾರತದ 'ಕೃತ'ದ ನೆರಳೂ ಆ ಹೆಸರಿನ ಮೇಲಿದೆಯಂತೆ. ಕುಂತಿಬೆಟ್ಟದ ಬುಡದ ಪಾಂಡವಪುರದವರ ಕಿವಿಗೆ ಬಿದ್ದರೆ ನಮ್ಮದೇ ಅಂದಾರು. ಫೋಟೊ ತಿದ್ದಲು ಜಿಂಪ್: 2018ರ 2.10 ಆವೃತ್ತಿ ಆದ ಮೇಲೆ 3.0 ಬಂದದ್ದು 2025ರ ಮಾರ್ಚಿಗೆ. ಅದರಲ್ಲಿ ಇವತ್ತು ಹಾಕಿದ ನೆರಳು, ಮಸುಕುಗಳನ್ನು ನಾಳೆಯೂ ಬದಲಿಸಬಹುದು. ಪ್ರೆಸ್ಸಿನವರು ಕೇಳುವ ಸಿಎಂವೈಕೆ ಬಣ್ಣದಲ್ಲಿ ನೇರವಾಗಿ ತಿದ್ದುವುದು ಅದಕ್ಕಿನ್ನೂ ಬಾರದು, ಕ್ರಿಟಾಗೆ ಬರುತ್ತದೆ.

ಇನ್ನು ಕನ್ನಡ ಅಕ್ಷರ. ಪಾಂಡವಪುರದಲ್ಲಿ ನಾನು ಡಿಟಿಪಿ ಮಾಡುತ್ತಿದ್ದ ಕಾಲ ನೆನಪಿದೆಯಾ? ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಬಚ್ಚಿಟ್ಟ ಫಾಂಟು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ 'ಶ್ರೀ' ಹೋಗಿ ಕಸದ ರಾಶಿ. ನಿನ್ನ ತಂಗಿಯ ಲಗ್ನಪತ್ರಿಕೆ ಎರಡು ಸಲ ಕುಟ್ಟಿದೆ. ಈಗ ಯೂನಿಕೋಡ್, ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಜ್, ಅದೂ ಮುಕ್ತ ತಂತ್ರಾಂಶ. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಟಿಪ್ಪುವಿನ ದಫ್ತರ ಪಾರಸಿಯಲ್ಲಿ ನಡೆದ ಊರಲ್ಲಿ ಕೂತು ಪಾರಸಿ ಹೆಸರಿನ ತಂತ್ರಾಂಶದಿಂದಲೇ ಕನ್ನಡ ಜೋಡಿಸುತ್ತಿದ್ದೇನೆ, ನೋಡು! ಗುಬ್ಬಿ, ನವಿಲು, ಬಾಲೂ ತಮ್ಮ ಫಾಂಟುಗಳೂ ಮುಕ್ತವೇ. ಪೋಸ್ಟರಿಗೆ ಬಾಲೂ ತಮ್ಮನೇ ಸರಿ, ಗುಂಡುಗುಂಡಗೆ ಉಂಡ ಹುಡುಗನ ಹಾಗಿದ್ದಾನೆ.

ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡ. ಮುಂದಿನ ವಾರ ಇವನ್ನೆಲ್ಲ ತುಂಬಿದ ಪೆನ್‌ಡ್ರೈವ್ ತರುತ್ತೇನೆ. ಅಷ್ಟರಲ್ಲಿ ಹೊಸಹೊಳಲು ಆಗಿರಲಿ.

ನಿನ್ನವ