ಯಾವ ದೇವರಿಗೆ ಹೊಂಟೀರಿ?

ಶನಿವಾರ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ 32 ಹೆಬ್ಬೆರಳುಗಳು ಎದ್ದು ನಿಂತಿರುತ್ತವೆ. ಭಾನುವಾರ ಬೆಳಿಗ್ಗೆ 5.30ಕ್ಕೆ ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನ ಚೌಕದಲ್ಲಿ ನಿಂತಿರುವವರು ಹನ್ನೊಂದು ಜನ. ನಡಿಗೆ ಕ್ಲಬ್ಬಿನ ಸಂಚಾಲಕನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೆಬ್ಬೆರಳು ಎಂದರೆ ‘ಓದಿದೆ’ ಎಂದಷ್ಟೇ ಅರ್ಥ. ‘ಬರ್ತೀನ್ರಿ’ ಎಂದವರಲ್ಲಿ ಅರ್ಧ ಬರುತ್ತಾರೆ. ‘ನೋಡ್ತೀನ್ರಿ ಸರ’ ಎಂದವರು ಬರುವುದೇ ಇಲ್ಲ. ಇಲ್ಲ ಎಂಬ ಒರಟು ಮಾತನ್ನು ಆಡಲಾರದ ಊರು ತನ್ನ ಸೌಜನ್ಯಕ್ಕೆಂದು ಮಾಡಿಕೊಂಡ ಮಾತು ಅದು.

ಈ ಸಂಚಾಲಕ ಒಬ್ಬನೇ ವ್ಯಕ್ತಿಯಲ್ಲ. ಅಪ್ಪನ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗ್ ಶುರುಮಾಡಿ, ಸುತ್ತಿದ್ದನ್ನೇ ಸುತ್ತಿ ಬೇಸತ್ತು, ಗುಡ್ಡದ ಕಡೆ ಮುಖ ಮಾಡಿದ ಹಲವರನ್ನು ಕೂಡಿಸಿದರೆ ಸಿಗುವ ಮೊತ್ತ. ಒಬ್ಬ ಮಾಸ್ತರ, ಒಬ್ಬ ಬ್ಯಾಂಕಿನವ, ಒಬ್ಬ ನಿವೃತ್ತ ಎಂಜಿನಿಯರ್. ಸಂಬಳವಿಲ್ಲ, ಕಚೇರಿಯಿಲ್ಲ. ಇರುವುದು ಒಂದು ನೋಟ್‌ಬುಕ್, ಒಂದು ಸೀಟಿ, ಬ್ಯಾಂಡೇಜಿನ ಡಬ್ಬಿ. ಕ್ರೂಸರ್ ಬಾಡಿಗೆ ಹಂಚುವಾಗ ಇಬ್ಬರ ಪಾಲು ಸದಾ ಇವನ ಕಿಸೆಯಿಂದಲೇ ಹೋಗುತ್ತದೆ. ಕೇಳಲು ನಾಚಿಕೆ, ಬಿಡಲು ಸಂಕಟ.

ನಡಿಗೆಯ ಗುಡ್ಡವಿರುವ ಕಮಲಾಪುರ ಇಲ್ಲಿಂದ ಬೀದರ್ ಕಡೆಯ ದಾರಿಯಲ್ಲಿ ಸುಮಾರು 35 ಕಿಲೋಮೀಟರ್. ಊರು ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ತೊಗರಿ, ಜೋಳ. ತೊಗರಿಯ ಕಣಜವೆಂದೇ ಹೆಸರಾದ ಜಿಲ್ಲೆ ಇದು. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಕಮಲಾಪುರ ಹತ್ತಿರವಾಗುತ್ತಿದ್ದಂತೆ ಕಪ್ಪು ತೆಳುವಾಗಿ, ಬೀದರ್ ಸೀಮೆಯ ಕೆಂಪು ಮೊರಮು ಮೇಲೇಳುತ್ತದೆ. ಗುಡ್ಡಗಳ ನಡುವಿನ ಕಣಿವೆಯಲ್ಲಿ ಬೆಳೆಯುವ ಕಮಲಾಪುರದ ಕೆಂಪು ಬಾಳೆಗೂ ಅದೇ ಮಾನ್ಯತೆ ಇದೆ. ಆ ಬಾಳೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಹಳಬರು ನೆನೆಸಿಕೊಳ್ಳುವಷ್ಟು ತೋಟಗಳು ಈಗಿಲ್ಲ. ಆದರೂ ನಡಿಗೆಗೆ ಹೊಸಬರನ್ನು ಎಳೆಯುವಾಗ ಸಂಚಾಲಕ ಗುಡ್ಡದ ನೋಟದ ಬಗ್ಗೆ ಮಾತಾಡುವುದಿಲ್ಲ. ‘ಬರೋವಾಗ ಕೆಂಪು ಬಾಳೆಹಣ್ಣು ತರೋಣು’ ಎನ್ನುತ್ತಾನೆ. ನೋಟಕ್ಕಿಂತ ಹಣ್ಣು ಹೆಚ್ಚು ಜನರನ್ನು ಎಬ್ಬಿಸುತ್ತದೆ.

ದಾರಿ ಹುಡುಕುವುದು ನಿಜವಾದ ಕೆಲಸ. ಬಯಲುಸೀಮೆಯ ಗುಡ್ಡಕ್ಕೆ ಕಾಡು ದಾಟಿ ಹೋಗಬೇಕಿಲ್ಲ, ಹೊಲ ದಾಟಿ ಹೋಗಬೇಕು. ಹೊಲವೆಂದರೆ ಒಡೆಯನಿದ್ದಾನೆ, ಒಡೆಯನಿಗೆ ನಾಯಿ ಇದೆ. ಹಳೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತಾರೆ. ಹಳ್ಳಿಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತಿಗೆ ಇಂದಿಗೂ ಪಂಚಾಯಿತಿ ಕಟ್ಟೆಯ ತೂಕವಿದೆ. ಈಗ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆದರೆ ಆ್ಯಪ್ ಹೇಳದ ಸಂಗತಿಗಳಿವೆ: ಈ ಬದುವಿನ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ ನಡೆದಿದೆಯೇ, ಆ ತೊಗರಿಗೆ ನಿನ್ನೆ ಔಷಧ ಹೊಡೆದಿದ್ದಾರೆಯೇ, ಬಾವಿಯ ನೀರು ಕುಡಿಯಬಹುದೇ. ಅದಕ್ಕೆ ಒಂದು ದಿನ ಮೊದಲೇ ಹೋಗಿ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯಬೇಕು. ಮಳೆಗಾಲವಾದರೆ ಎರೆಮಣ್ಣಿನ ಲೆಕ್ಕವೇ ಬೇರೆ. ಹತ್ತು ಹೆಜ್ಜೆಗೆ ಒಂದೊಂದು ಬೂಟಿಗೆ ಸೇರುಗಟ್ಟಲೆ ಮಣ್ಣು ಹತ್ತಿ, ಶಹರದ ಮನುಷ್ಯ ಎತ್ತಿನಂತೆ ಕಾಲು ಎಳೆಯುತ್ತಾನೆ. ಬೇಸಿಗೆಯ ಮಾತಂತೂ ಬೇಡವೇ ಬೇಡ. ಕಲಬುರಗಿಯ ಮೇ ತಿಂಗಳಲ್ಲಿ ನಡೆಯಲು ಕರೆಯುವವನನ್ನು ಜನ ಸಂಚಾಲಕ ಅನ್ನುವುದಿಲ್ಲ, ಬೇರೆ ಏನೋ ಅನ್ನುತ್ತಾರೆ.

ದಾರಿ ಗುರುತಿಸುವ ಮಾತಿಗೆ ಬಂದರೆ, ಅಮೆರಿಕದಲ್ಲಿ 1921ರಲ್ಲಿ ಬೆಂಟನ್ ಮಕಾಯ್ ಎಂಬಾತ ಅಪಲೇಶಿಯನ್ ಬೆಟ್ಟಸಾಲಿನ ಉದ್ದಕ್ಕೂ ಒಂದು ಕಾಲುದಾರಿ ಇರಲಿ ಎಂದು ಬರೆದ. 1937ರ ಹೊತ್ತಿಗೆ ದಾರಿ ಪೂರ್ತಿಯಾಯಿತು. ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಆ ದಾರಿಯ ಪೊದೆ ಸವರುವುದು, ಮರಗಳಿಗೆ ಬಿಳಿ ಪಟ್ಟೆ ಬಳಿಯುವುದು ಇಂದಿಗೂ ಬಹುಪಾಲು ಸ್ಥಳೀಯ ಕ್ಲಬ್ಬುಗಳ ಸ್ವಯಂಸೇವಕರ ಕೆಲಸ. ಕಮಲಾಪುರದಲ್ಲಿ ಬಳಿಯಲು ಮರವೇ ಕಡಿಮೆ. ಮೂರು ಕಲ್ಲು ಪೇರಿಸಿಟ್ಟು ಬಂದರೆ, ಮುಂದಿನ ವಾರ ಅದಕ್ಕೆ ಯಾರೋ ಅರಿಸಿನ ಕುಂಕುಮ ಹಚ್ಚಿರುತ್ತಾರೆ. ದಾರಿಯ ಗುರುತು ದೇವರಾದ ಮೇಲೆ ಕೀಳುವಂತಿಲ್ಲ, ಸರಿಸುವಂತಿಲ್ಲ.

ದೇವರ ಪ್ರಶ್ನೆ ಇನ್ನೊಂದು ಬಗೆಯಲ್ಲೂ ಎದುರಾಗುತ್ತದೆ. ಗುಡ್ಡದ ಬುಡದಲ್ಲಿ ಕುರಿ ಮೇಯಿಸುವ ಮುದುಕ ಕೇಳಿದ:

‘ಯಾವ ದೇವ್ರಿಗೆ ಹೊಂಟೀರಿ?’

‘ದೇವ್ರಿಗಲ್ರಿ ಕಾಕಾ. ಸುಮ್ಮ ನಡ್ಯಾಕ ಬಂದೀವಿ.’

‘ಗಾಡಿಗೆ ರೊಕ್ಕ ಕೊಟ್ಟು ಬಂದು, ಸುಮ್ಮ ನಡೀತೀರಿ?’

ಮುದುಕನ ಮುಖದಲ್ಲಿ ಅಪಹಾಸ್ಯವಿರಲಿಲ್ಲ, ನಿಜವಾದ ಕಾಳಜಿಯಿತ್ತು. ಅವನ ದೃಷ್ಟಿಯಲ್ಲಿ ಅದು ಸರಿಯೇ. ಈ ಸೀಮೆ ನಡೆಯದ ಸೀಮೆಯಲ್ಲ. ಆಷಾಢ ಬಂದರೆ ಪಂಢರಪುರಕ್ಕೆ ದಿಂಡಿಗಳು ಹೊರಡುತ್ತವೆ. ಯುಗಾದಿಯ ಮುಂಚೆ ಜನ ಶ್ರೀಶೈಲದ ದಾರಿ ಹಿಡಿಯುತ್ತಾರೆ. ಸೀಗಿ ಹುಣ್ಣಿಮೆಗೆ ಕಲಬುರಗಿಯಿಂದ ಆಳಂದದ ಮೇಲೆ ಹಾಯ್ದು, ನೂರು ಕಿಲೋಮೀಟರಿಗೂ ಹೆಚ್ಚು ದೂರದ ತುಳಜಾಪುರಕ್ಕೆ ಸಾವಿರಾರು ಜನ ಬರಿಗಾಲಲ್ಲಿ ಹೋಗುತ್ತಾರೆ. ಎಳ್ಳಮಾಸಿಯ ದಿನವಂತೂ ಇಡೀ ಶಹರವೇ ಖಾಲಿಯಾಗಿ ಹೊಲ ಸೇರುತ್ತದೆ; ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ ಉಂಡು, ಬದುವಿನ ಮೇಲೆ ಅಡ್ಡಾಡಿ ಬರುತ್ತದೆ. ಕಾರಣವಿದ್ದರೆ ನಡೆಯಲು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಾರಣವಿಲ್ಲದೆ ನಡೆಯುವುದೇ ಹೊಸದು, ಅದನ್ನು ವಿವರಿಸಲು ಸಂಚಾಲಕನ ಬಳಿ ಇನ್ನೂ ಮಾತು ಕೂಡಿಬಂದಿಲ್ಲ.

ಕ್ಲಬ್ಬು ನಡೆಸುವ ವಿದ್ಯೆಯೂ ದಿಂಡಿಯದೇ. ಮುಂದೆ ಒಬ್ಬ ದಾರಿ ಬಲ್ಲವ, ಹಿಂದೆ ಒಬ್ಬ ಸಹನೆಯುಳ್ಳವ, ನಡುವೆ ನೀರು. ಊಟಕ್ಕೆ ನಾಲ್ಕು ದಿನವಾದರೂ ಕೆಡದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಚಾರಣದ ಅಂಗಡಿಗಳಲ್ಲಿ ಮಾರುವ ಪ್ರೋಟೀನ್ ಬಾರು ಈ ಜೋಡಿಯ ಮುಂದೆ ಇನ್ನೂ ಅಂಬೆಗಾಲಿಡುತ್ತಿದೆ ಎಂಬುದು ಈ ಲೇಖಕನ ಪಕ್ಷಪಾತದ ಅಭಿಪ್ರಾಯ. ತಲೆ ಎಣಿಸುವುದೂ ಹಳೆಯ ಪಾಠವೇ. ಹೊಳೆ ದಾಟಿ ತನ್ನನ್ನೇ ಬಿಟ್ಟು ಎಣಿಸಿ ಅತ್ತ ಹತ್ತು ಮೂರ್ಖರ ಕಥೆ ಕೇಳಿ ನಕ್ಕವನೇ, ಗುಡ್ಡದ ನೆತ್ತಿಯ ಮೇಲೆ ‘ಹನ್ನೊಂದಿದ್ದೆವು, ಹತ್ತೇ ಇದ್ದೀವಲ್ಲ’ ಎಂದು ಗಾಬರಿಯಿಂದ ಸೀಟಿ ಊದಿದ್ದುಂಟು.

ಕರೆದರೂ ಜನ ಬಾರದ ಈ ಸಂಕಟಕ್ಕೆ ರಾಜ್ಯದ ಇನ್ನೊಂದು ತುದಿಯ ಸಂಕಟ ಪೂರ್ತಿ ತಿರುಗುಮುರುಗು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಮುಗಿಬಿದ್ದರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ ತಾತ್ಕಾಲಿಕವಾಗಿ ನಿಲ್ಲಿಸಿದರು; ಅದೇ ವರ್ಷ ಆ ಬುಕಿಂಗಿಗೆಂದು ‘ಅರಣ್ಯ ವಿಹಾರ’ ಜಾಲತಾಣ ಬಂತು. ನಿಲ್ಲಿಸಿದ ಸಚಿವರು ಪಕ್ಕದ ಭಾಲ್ಕಿಯವರು. ಕಮಲಾಪುರದ ಗುಡ್ಡಕ್ಕೆ ಇಂಥ ನೂಕುನುಗ್ಗಲು ಬಂದರೆ ಸಂಚಾಲಕ ಮೊದಲು ಮೂರ್ಛೆ ಹೋಗಿ ಆಮೇಲೆ ಹಣ್ಣು ಹಂಚಿಯಾನು. ಆದರೂ ಗುಡ್ಡದ ಯಾವ ಭಾಗ ಅರಣ್ಯ ಇಲಾಖೆಯದು, ಯಾವುದು ಕಂದಾಯದ್ದು ಎಂದು ಕೇಳಿಕೊಂಡೇ ಹೆಜ್ಜೆ ಇಡಬೇಕು. ವರ್ಷಕ್ಕೊಮ್ಮೆ ಚಿಂಚೋಳಿಗೆ ಹೋಗುವ ಆಸೆಗೂ ಇದೇ ನಿಯಮ. ಚಂದ್ರಂಪಳ್ಳಿ ಜಲಾಶಯವನ್ನು ಒಡಲಲ್ಲಿಟ್ಟುಕೊಂಡ ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಒಣಭೂಮಿಯ ಕಾಡಿಗೆ ಅಂಥ ಗೌರವ ದಕ್ಷಿಣ ಭಾರತದಲ್ಲಿ ಮೊದಲು ಸಿಕ್ಕಿದ್ದು ಅಲ್ಲಿ. ಅದರೊಳಗೆ ಅನುಮತಿಯಿಲ್ಲದೆ ನುಗ್ಗಿ ‘ಪ್ರಕೃತಿ ಪ್ರೇಮಿಗಳು’ ಎಂದು ಫೋಟೊ ಹಾಕುವವರನ್ನು ಗುಂಪಿನಿಂದ ತೆಗೆಯಲು ಮಾತ್ರ ಈತ ‘ನೋಡ್ತೀನಿ’ ಎನ್ನುವುದಿಲ್ಲ.

ಸೀಗಿ ಹುಣ್ಣಿಮೆ ಹತ್ತಿರವಿದ್ದ ಒಂದು ಭಾನುವಾರ ಚೌಕಕ್ಕೆ ಬಂದವರು ಮೂರೇ ಜನ. ಕ್ರೂಸರ್ ವಾಪಸು ಕಳಿಸಿ, ಸಂಚಾಲಕ ಸಂಜೆ ಆಳಂದ ರಸ್ತೆಗೆ ಹೋದ. ರಸ್ತೆಯುದ್ದಕ್ಕೂ ಶಾಮಿಯಾನಗಳು. ಒಂದರಲ್ಲಿ ಉಪ್ಪಿಟ್ಟು, ಇನ್ನೊಂದರಲ್ಲಿ ಚಹಾ, ಮತ್ತೊಂದರಲ್ಲಿ ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕುವ ಹುಡುಗರು. ಯಾರ ಬಳಿಯೂ ನೋಟ್‌ಬುಕ್ ಇರಲಿಲ್ಲ, ಸೀಟಿ ಇರಲಿಲ್ಲ. ಯಾರೋ ಕೈಗೆ ನೀರಿನ ಜಗ್ಗು ಕೊಟ್ಟರು. ಈತನೂ ನಿಂತು ಹಾಕತೊಡಗಿದ.

ಒಂದು ತಾಸಿನೊಳಗೆ ಅವನ ಗುಂಪಿನ ಅರ್ಧ ಜನ ಎದುರಿಗೆ ಹಾದರು. ಅವರಲ್ಲಿ, ಕಮಲಾಪುರದ ಗುಡ್ಡದಲ್ಲಿ ಎರಡನೆಯ ಕಿಲೋಮೀಟರಿಗೇ ಮೊಣಕಾಲು ಹಿಡಿದು ಕೂತಿದ್ದ ಬಟ್ಟೆ ಅಂಗಡಿಯವನೂ ಇದ್ದ. ಬರಿಗಾಲು, ಹೆಗಲಿಗೆ ಚೀಲ, ಹಣೆತುಂಬ ಭಂಡಾರ.

‘ಮೊಣಕಾಲು ಹ್ಯಾಂಗದರಿ?’

‘ಬರೋಬರಿ ಅದರಿ ಸರ, ಏನೂ ಆಗಿಲ್ಲ.’

ನೀರು ಕುಡಿದು, ಬಾಯಿ ಒರೆಸಿಕೊಂಡು ಹೊರಟವನನ್ನು ಸಂಚಾಲಕ ತಡೆಯಲಾರದೆ ಕೇಳಿಯೇಬಿಟ್ಟ.

‘ಹಂಗಾರ ಮುಂದಿನ ಐತವಾರ ಕಮಲಾಪುರಕ್ಕ?’

ಆತ ತಿರುಗಿ, ಕೈಮುಗಿದು, ಮನಃಪೂರ್ವಕವಾಗಿ ನಕ್ಕ.

‘ನೋಡ್ತೀನ್ರಿ ಸರ.’