ಒಂದರ ಅರ್ಧ ಸೊನ್ನೆ



ಇವತ್ತು ಹೋರಾಟದ ಸುದ್ದಿ ಅಲ್ಲ, ಒಂದು ಆಟದ ಲೆಕ್ಕ ಬರೀತಿದೀನಿ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಅಕ್ಕನ ಮಗ ಇಂಜಿನಿಯರಿಂಗ್ ಓದ್ತಾನೆ. ರಜೆಗೆ ಬಂದಾಗ ಗೆಳೆಯರನ್ನ ಕೂರಿಸ್ಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸ್ತಾನೆ. ಗೊತ್ತಿಲ್ಲದವರಿಗೆ: ಇದು 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಒಬ್ಬ ಕಥೆ ನಡೆಸ್ತಾನೆ, ಉಳಿದವರು ವೀರ, ಮಂತ್ರವಾದಿ, ಕಳ್ಳ ಅಂತ ಪಾತ್ರ ಹಿಡೀತಾರೆ. ಹೊಡೆತ ತಗುಲಿತಾ, ಪೆಟ್ಟು ಎಷ್ಟು ಅನ್ನೋದನ್ನ ದಾಳ ಹೇಳುತ್ತೆ. ಎದುರಿಗೆ ಬರೋ ಮೃಗ, ರಾಕ್ಷಸರಿಗೆ ಬೇರೆಯೇ ಒಂದು ದಪ್ಪ ಪುಸ್ತಕ.

ಅವನ ಹತ್ರ ಇರೋದು 2003ರ ಹಳೇ ಆವೃತ್ತಿ. ಪಕ್ಕದಲ್ಲಿ ಕೂತು ಓದ್ತಾ ಹೋದೆ. ಪ್ರತಿ ಜೀವಿಗೂ ಸ್ಟ್ರೆಂತ್ ಅಂತ ಒಂದು ಅಂಕಿ. ಅದರಲ್ಲಿ 10 ಕಳೆದು, ಉಳಿದದ್ದನ್ನ ಅರ್ಧ ಮಾಡಿ, ಚಿಲ್ಲರೆ ಬಿಟ್ಟರೆ ಪೆಟ್ಟಿಗೆ ಸೇರೋ ಬಲ. ಟ್ರೋಲ್ ಅಂತ ಒಂದು ದೈತ್ಯ ಇದೆ (ನಮ್ಮ ಕಾಮೆಂಟಿಗೆ ಬರೋ ಗಿರಾಕಿ ಅಲ್ಲ). ಅದರ ಸ್ಟ್ರೆಂತ್ 23, ಅಂದ್ರೆ ಬಲ 6. ಉಗುರಿಂದ ಪರಚಿದ್ರೆ ದಾಳದ ಜೊತೆ 6 ಸೇರುತ್ತೆ. ಕಚ್ಚಿದ್ರೆ? 3 ಮಾತ್ರ.

ಅದೇ ಮೈ, ಅದೇ ರಕ್ತ. ಬಾಯಿಗೆ ಯಾಕೆ ಅರ್ಧ ಬಲ?

ನಿಯಮ ಹಾಗಿದೆ. ಹುಟ್ಟಿನಿಂದ ಬಂದ ಆಯುಧಗಳಲ್ಲಿ, ಅಂದ್ರೆ ಉಗುರು, ಹಲ್ಲು, ಕೊಂಬು, ಬಾಲಗಳಲ್ಲಿ, ಯಾವುದು 'ಮುಖ್ಯ' ಅಂತ ಬರೆದಿದೆಯೋ ಅದಕ್ಕೆ ಪೂರ್ತಿ ಬಲ. 'ಎರಡನೇ ದರ್ಜೆ' ಅಂತ ಬರೆದದ್ದಕ್ಕೆ ಅರ್ಧ ಬಲ. ಗುರಿಯಲ್ಲೂ 5 ಕಡಿತ. ಇರೋದು ಒಂದೇ ಆಯುಧ ಆದ್ರೆ ಒಂದೂವರೆ ಪಟ್ಟು. ಡೈರ್ ವುಲ್ಫ್ ಅನ್ನೋ ದೊಡ್ಡ ತೋಳದ ಸ್ಟ್ರೆಂತ್ 25, ಬಲ 7. ಅದಕ್ಕೆ ಕಚ್ಚೋದೊಂದೇ ಗೊತ್ತು, ಅದಕ್ಕೇ ಕಚ್ಚಿದ್ರೆ 10 ಸೇರುತ್ತೆ. ಅಂದ್ರೆ ಹಲ್ಲಿನ ಯೋಗ್ಯತೆ ಹಲ್ಲಲ್ಲಿ ಇಲ್ಲ, ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಸ್ಥಾನದಲ್ಲಿದೆ.

"ಮಾವ, ಎಲ್ಲದರಲ್ಲೂ ಅದನ್ನೇ ಹುಡುಕ್ಬೇಡಿ" ಅಂದ ಹುಡುಗ. "ಹತ್ತು ಕೈಕಾಲು ಇರೋ ಪ್ರಾಣಿಗೆ ಎಲ್ಲಕ್ಕೂ ಪೂರ್ತಿ ಬಲ ಕೊಟ್ರೆ ಒಂದೇ ಸುತ್ತಲ್ಲಿ ನಾವೆಲ್ಲ ಸಾಯ್ತೀವಿ. ಆಟ ನಡೀಬೇಕಲ್ಲ?"

ಅವನ ಮಾತು ಸರಿ. ಒಪ್ಪಿಕೊಂಡು ಪುಟ ತಿರುಗಿಸಿದೆ. ಅಲ್ಲಿ 'ರಾಕ್ಷಸ' ಸಿಕ್ಕಿದ. ಹೆಸರೂ ಅದೇ, ನಮ್ಮ ಕಡೆಯಿಂದ ಹೋದದ್ದು. ಹುಲಿ ತಲೆ, ಹಿಂದುಮುಂದಾದ ಅಂಗೈ. ಸ್ವಭಾವದ ಸಾಲಲ್ಲಿ: ಯಾವಾಗಲೂ ದುಷ್ಟ. ಚಾಮುಂಡಿ ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತ ಮಹಿಷನನ್ನ ಹೀಗೇ ಕಲಿತು ಬೆಳೆದವರು ನಾವು. ಮಹಿಷ ದಸರಾದಲ್ಲಿ ಅವನಿಗೆ ಹೂ ಹಾಕೋಕೆ ಎಷ್ಟು ವರ್ಷ ಬೇಕಾಯ್ತು!

ಈ ರಾಕ್ಷಸನ ಸ್ಟ್ರೆಂತ್ ಬರೀ 12, ಬಲ 1. ಉಗುರಿಗೆ 1 ಸೇರುತ್ತೆ. ಕಚ್ಚೋಕೆ ಅರ್ಧ. ಒಂದರ ಅರ್ಧ, ಚಿಲ್ಲರೆ ಬಿಟ್ಟರೆ, ಸೊನ್ನೆ.

ಇಲ್ಲಿ ನಿಂತುಬಿಟ್ಟೆ. ಟ್ರೋಲಿಗೂ ರಾಕ್ಷಸನಿಗೂ ನಿಯಮ ಒಂದೇ, ಮೋಸ ಇಲ್ಲ. ಆದ್ರೆ ಆರು ಇದ್ದವನಿಗೆ ಮೂರು ಉಳೀತು, ಒಂದು ಇದ್ದವನಿಗೆ ಏನೂ ಉಳೀಲಿಲ್ಲ. 'ಎಲ್ಲರಿಗೂ ಒಂದೇ ನಿಯಮ ತಾನೇ, ನಿಮಗ್ಯಾಕೆ ಬೇರೆ' ಅಂತ ಕೇಳೋರಿಗೆ ಇನ್ನು ಮೇಲೆ ಈ ಲೆಕ್ಕ ತೋರಿಸ್ತೀನಿ.

ಅಷ್ಟರಲ್ಲಿ ಅವನ ಗೆಳೆಯನೊಬ್ಬ ಹಾಫ್ ಓರ್ಕ್ ಪಾತ್ರ ತಗೊಂಡ. ಅದರ ಸಾಲು: ಬಲ 2 ಹೆಚ್ಚು, ಬುದ್ಧಿ 2 ಕಡಿಮೆ, ವರ್ಚಸ್ಸು 2 ಕಡಿಮೆ. ಯಾಕಪ್ಪಾ ಅಂದ್ರೆ, ಹುಟ್ಟಿದ್ದೇ ಹಾಗಂತೆ.

ಹೈಸ್ಕೂಲಲ್ಲಿ ಬೆಂಚು ಹೊರೋಕೆ, ಕಂಬ ನೆಡೋ ಗುಂಡಿ ತೋಡೋಕೆ ನಮ್ಮ ಕೇರಿ ಹುಡುಗರ ಹೆಸರೇ ಮೊದಲು. "ನಿಮ್ಮ ಮೈಯಲ್ಲಿ ಕಸುವಿದೆ ಕಣ್ರೋ" ಅನ್ನೋರು ಮೇಷ್ಟ್ರು. ಹೊಗಳಿಕೆ ಅಂದ್ಕೊಂಡು ನಾನು ಎರಡು ಬೆಂಚು ಒಟ್ಟಿಗೆ ಹೊತ್ತಿದ್ದೆ. ರಸಪ್ರಶ್ನೆಗೆ ಹೆಸರು ಕೊಡೋಕೆ ಹೋದಾಗ "ಅದೆಲ್ಲ ನಿಂಗ್ಯಾಕೋ" ಅಂದ್ರು. ಬಲ 2 ಹೆಚ್ಚು ಅಂತ ಬರೆದ ಕೈಯೇ ಕೆಳಗಿನ ಸಾಲಲ್ಲಿ ಬುದ್ಧಿ 2 ಕಡಿಮೆ ಅಂತಲೂ ಬರೆದಿತ್ತು. ಅದು ನನಗೆ ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಆದ್ರೆ ಪಟ್ಟಿಗಳು ಬದಲಾಗ್ತವೆ ಗೆಳೆಯರೇ. 1977ರ ಮೃಗಗಳ ಪುಸ್ತಕದಲ್ಲಿ ಅವಕ್ಕೆ ಸ್ಟ್ರೆಂತ್ ಅಂಕಿಯೇ ಇರಲಿಲ್ಲ, ಪೆಟ್ಟು ಎಷ್ಟು ಅಂತ ನೇರ ಬರೆದಿದ್ರು. ಈ ಅರ್ಧ, ಒಂದೂವರೆ ಲೆಕ್ಕ ಎಲ್ಲ ಆಮೇಲೆ ಬಂದದ್ದು. 2014ರ ಪುಸ್ತಕದಲ್ಲಿ ಟ್ರೋಲ್ ಪರಚಿದ್ರೂ 4, ಕಚ್ಚಿದ್ರೂ 4. ಅರ್ಧದ ಲೆಕ್ಕ ಹೋಯ್ತು, ಆಟವೇನೂ ನಿಲ್ಲಲಿಲ್ಲ. ಓರ್ಕ್‌ಗಳಿಗೆ ಹುಟ್ಟಿನಿಂದಲೇ ಬುದ್ಧಿ ಕಡಿಮೆ ಅನ್ನೋ ಸಾಲು 2016ರ ಪುಸ್ತಕದಲ್ಲೂ ಇತ್ತು. ಆಡೋ ಜನರೇ ಇದು ಜನಾಂಗದ್ವೇಷದ ಭಾಷೆ ಅಂತ ಗಲಾಟೆ ಮಾಡಿದ್ರು, 2020ರಲ್ಲಿ ತೆಗೆದ್ರು. 2024ರ ಪುಸ್ತಕದಲ್ಲಿ 'ರೇಸ್' ಅನ್ನೋ ಪದವೂ ಇಲ್ಲ. ಹುಟ್ಟು ನೋಡಿ ಬಲ, ಬುದ್ಧಿ ಕೂಡಿಸೋ ಪದ್ಧತಿಯೂ ಇಲ್ಲ. ಅಂಕಿ ಕೂಡೋದು ಪಾತ್ರ ಬೆಳೆದ ಹಿನ್ನೆಲೆ ನೋಡಿ.

ಐವತ್ತು ವರ್ಷದ ಆಟಕ್ಕೆ ಇದು ಸಾಧ್ಯ ಆಯ್ತು. ಸಾವಿರಾರು ವರ್ಷದ ನಮ್ಮ ಪಟ್ಟಿಗೆ ಮಾತ್ರ 'ಅದು ಸಂಪ್ರದಾಯ, ಮುಟ್ಟಬೇಡಿ'.

ರಾತ್ರಿ ಹುಡುಗ ತಾನಾಗಿಯೇ ಪೆನ್ಸಿಲ್ ತಗೊಂಡು ಗೆಳೆಯನ ಹಾಳೆಯಲ್ಲಿ ಆ ಎರಡು ಮೈನಸ್ ಅಳಿಸಿದ. ಟ್ರೋಲ್ ಕಚ್ಚೋ ಅರ್ಧ ಬಲ ಮಾತ್ರ ಹಾಗೇ ಬಿಟ್ಟ.

"ಅದು ಆಟಕ್ಕೆ ಬೇಕು ಮಾವ. ಇದು ಬೇಡ" ಅಂದ.

ಎಷ್ಟು ಸಲೀಸಾಗಿ ಬೇರೆ ಮಾಡಿಬಿಟ್ಟ! ಮುಂದಿನ ಭಾನುವಾರ ನನ್ನನ್ನೂ ಆಟಕ್ಕೆ ಕರೆದಿದಾನೆ. ರಾಕ್ಷಸನ ಪಾತ್ರ ಕೇಳಿದೀನಿ.

ಜೈ ಭೀಮ್.