ಆಕಾಶದಿಂದ ಬಂದ ಮರುದನಿ

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ನಿರ್ಣಯಿಸಿರುವರು. ಒಂದೆಡೆ ಹುಟ್ಟಿದ ದನಿಯು ಮತ್ತೊಂದೆಡೆಯ ಕಿವಿಯನ್ನು ಮುಟ್ಟುವ ಬಗೆಯನ್ನು ತಿಳಿಸಲು ಅವರು ಎರಡು ನ್ಯಾಯಗಳನ್ನು ಹೇಳುವುದುಂಟು. ಕೊಳದ ಅಲೆಯಂತೆ ಒಂದರಿಂದೊಂದು ಹುಟ್ಟಿ ಹಬ್ಬುವುದು ವೀಚೀತರಂಗನ್ಯಾಯ. ಕದಂಬದ ಮೊಗ್ಗಿನಂತೆ ಏಕಕಾಲದಲ್ಲಿ ಎಲ್ಲ ದಿಕ್ಕಿಗೂ ಅರಳುವುದು ಕದಂಬಗೋಲಕನ್ಯಾಯ. ಸಂಸ್ಕೃತವನ್ನು ಬೋಧಿಸಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಇವನ್ನು ಎಷ್ಟೋ ಸಲ ಹೇಳಿರುವೆನು. ಆದರೆ ಅರುವತ್ತರ ವಯಸ್ಸಿನಲ್ಲಿ ಕೊಪ್ಪದ ನಮ್ಮ ಅಡಕೆತೋಟದಲ್ಲಿ ನಿಂತು, ನನ್ನ ದನಿಯು ಯಾರ ಕಿವಿಯನ್ನಾದರೂ ಮುಟ್ಟಿತೆ ಎಂದು ಮೇಲಕ್ಕೆ ನೋಡುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ.

ನಿವೃತ್ತನಾದ ಮೇಲೆ ನನಗೆ ಹವ್ಯಾಸಿ ರೇಡಿಯೋದ ಗೀಳು ಹಿಡಿಯಿತು. ಇದು ನಮ್ಮ ನಾಡಿಗೆ ಹೊಸತೇನೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಚಿಕ್ಕ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಗೆ ಸಂದಿತು. ನಾನಾದರೋ ಪ್ರಸಾರಮಾಡುವವನಲ್ಲ, ಹವ್ಯಾಸಿಗೆ ಹಾಡು, ವ್ಯಾಪಾರ, ರಾಜಕೀಯ ಇವುಗಳ ಪ್ರಸಾರ ನಿಷಿದ್ಧ. ಸರ್ಕಾರದ ಪರೀಕ್ಷೆಯನ್ನು ಕೊಟ್ಟು, ‘ವಿ.ಯು.’ ಎಂದು ಮೊದಲಾಗುವ ಕರೆಸಂಕೇತವನ್ನು ಪಡೆದು, ತನ್ನಂತಹ ಮತ್ತೊಬ್ಬನೊಡನೆ ಮಾತನಾಡಬಹುದು, ಅಷ್ಟೆ.

ಹವ್ಯಾಸಿಗಳಲ್ಲಿ ಈಗ ಬಹುಮಂದಿ ಬಳಸುವುದು ಏಕಪಾರ್ಶ್ವ ಪದ್ಧತಿಯನ್ನು. ನಾನು ಹಿಡಿದದ್ದು ಹಳೆಯ ಎ.ಎಂ. ಪದ್ಧತಿಯನ್ನು. ಇದರಲ್ಲಿ ದನಿಯನ್ನು ಹೊತ್ತು ನಡೆಯುವ ವಾಹಕತರಂಗವೊಂದು, ಅದರ ಇಕ್ಕೆಲಗಳಲ್ಲಿ ದನಿಯ ಪ್ರತಿರೂಪಗಳೆರಡು. ಪೂರ್ಣವಾಗಿ ದನಿ ತುಂಬಿದಾಗಲೂ ಶಕ್ತಿಯ ಮೂರರಲ್ಲಿ ಎರಡು ಪಾಲು ಮಾತಿಲ್ಲದ ವಾಹಕಕ್ಕೇ ವೆಚ್ಚವಾಗುತ್ತದೆ. ಮಾತಿಗಿಂತ ಪಲ್ಲಕ್ಕಿಗೇ ಹೆಚ್ಚು ಖರ್ಚೆಂದು ಪ್ರವೀಣರು ನಗುವುದುಂಟು. ಆದರೆ ಇದಕ್ಕೊಂದು ಗುಣವಿದೆ: ಶಾರ್ಟ್‌ವೇವ್ ಇರುವ ಸಾಮಾನ್ಯ ರೇಡಿಯೋದಲ್ಲಿಯೂ ಇದರ ಮಾತು ಸ್ಫುಟವಾಗಿ ಕೇಳುತ್ತದೆ. ಏಕಪಾರ್ಶ್ವದ ಮಾತು ಅಂತಹ ರೇಡಿಯೋದಲ್ಲಿ ಬಾತುಕೋಳಿಯ ಕೂಗಿನಂತಿರುತ್ತದೆ.

ಎರಡು ಅಡಕೆಮರಗಳ ನಡುವೆ ಸುಮಾರು 20 ಮೀಟರ್ ಉದ್ದದ ತಂತಿಯನ್ನು ಕಟ್ಟಿಸಿದೆನು; 7000 ರಿಂದ 7200 ಕಿಲೋಹರ್ಟ್ಸ್‌ವರೆಗಿನ ಹವ್ಯಾಸಿ ಪಟ್ಟಿಗೆ ಅದು ತಕ್ಕ ಅಳತೆ. ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆಗಾಗಿ ಎರಡು ಮಾತನಾಡಿದಾಗ, ನರಸಿಂಹರಾಜಪುರದ ನಂಟರೊಬ್ಬರು ತಮ್ಮ ಹಳೆಯ ರೇಡಿಯೋದಲ್ಲಿ ಚೆನ್ನಾಗಿ ಕೇಳಿತೆಂದು ತಿಳಿಸಿದರು. ಶೃಂಗೇರಿಯ ಶಿಷ್ಯನೊಬ್ಬನು ಕೊಂಚ ಮಂಕಾಗಿ ಕೇಳಿತೆಂದನು. ನನಗೆ ಹಿಡಿಸಲಾರದಷ್ಟು ಹಿಗ್ಗಾಯಿತು. ಅಂದಿನಿಂದ ರಾತ್ರಿ ಊಟವಾದ ಬಳಿಕ, ಒಂಬತ್ತು ಗಂಟೆಗೆ ಕುಳಿತು ಕರೆಯತೊಡಗಿದೆನು. ಒಂದು ತಿಂಗಳು ಕರೆದೆನು. ಒಬ್ಬರೂ ಓಗೊಡಲಿಲ್ಲ. “ಆಕಾಶಕ್ಕೆ ಪಾಠ ಹೇಳುತ್ತೀರಾ?” ಎಂದು ಮನೆಯವಳು ನಕ್ಕಳು. ನಾನು ನಗಲಿಲ್ಲ. ತರಗತಿಯಿಂದ ಹೊರಬಂದವನ ಮಾತು ಇನ್ನು ಯಾರಿಗೂ ಬೇಡವೆಂಬ ಅಳಲು ಒಳಗೆ ಮೊದಲೇ ಇದ್ದಿತು; ಆ ಮೌನವು ಅದಕ್ಕೆ ಸಾಕ್ಷಿ ನುಡಿದಂತಾಯಿತು.

ಕೊನೆಗೆ ಬೆಂಗಳೂರಿನ ಅನುಭವಿಯೊಬ್ಬರಲ್ಲಿ ಪತ್ರಮುಖೇನ ವಿಚಾರಿಸಿದೆನು. ಅವರು ನನ್ನ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಬರೆದರು. ಹಗಲಿನಲ್ಲಿ ಈ ಅಲೆಯು ಮೇಲಣ ಅಯಾನುಮಂಡಲವನ್ನು ತಾಗಿ ಹತ್ತಿರದ ಊರುಗಳಿಗೇ ಹಿಂತಿರುಗುತ್ತದೆ. ಬೆಟ್ಟಗಳ ನಡುವಿನ ನಮ್ಮಂತಹವರಿಗೆ ಅದೇ ದಾರಿ. ರಾತ್ರಿ ಹೊತ್ತೇರಿದಂತೆ ಆ ಮಂಡಲ ತೆಳುವಾಗಿ, ನೆಟ್ಟಗೆ ಏರಿದ ಅಲೆ ಬಹುಮಟ್ಟಿಗೆ ಹಾಯ್ದುಹೋಗುತ್ತದೆ. ಓರೆಯಾಗಿ ಹೋದುದು ಬಹುದೂರದಲ್ಲಿ ಇಳಿಯುತ್ತದೆ. ಇದು ಮೊದಲನೆಯದು. ಎರಡನೆಯದಾಗಿ, ಏಕಪಾರ್ಶ್ವದವರ ಯಂತ್ರದಲ್ಲಿ ನನ್ನ ವಾಹಕವು ಬರಿಯ ಸಿಳ್ಳಾಗಿ ಕೇಳುವುದು; ಯಾವುದೋ ಕೆಟ್ಟ ಯಂತ್ರವೆಂದು ಅವರು ಮುಂದೆ ಸರಿಯುವರು. ಅಮೆರಿಕದ ಎ.ಎಂ. ಗೆಳೆಯರು ಕೂಡುವ 7290ನ್ನು ಪುಸ್ತಕದಲ್ಲಿ ನೋಡಿ ಅಲ್ಲಿಗೆ ಹೋಗಬೇಡಿರಿ, ಅದು ನಮ್ಮ ಎಲ್ಲೆಯ ಹೊರಗಿದೆ. 14286 ಮಾತ್ರ ನಮಗೂ ಸಲ್ಲುವುದು ಎಂದೂ ಎಚ್ಚರಿಸಿದ್ದರು. ಪತ್ರದ ಕೊನೆಯ ಸಾಲು ಮಾತ್ರ ನನ್ನನ್ನು ನಾಟಿತು: “ಮೊದಲು ಒಂದು ವಾರ ಬರಿದೆ ಕೇಳಿರಿ.”

ಕೇಳಿದೆನು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಪಟ್ಟಿಯ ಆದಿಯಿಂದ ಅಂತ್ಯದವರೆಗೆ ಮೆಲ್ಲನೆ ತಿರುಗಿಸುತ್ತ ಹೋದರೆ, ಬರಿದೆಂದು ನಾನು ತಿಳಿದ ಆಕಾಶವು ಸಂತೆಯಂತೆ ತುಂಬಿದ್ದಿತು! ಕ್ಷೇಮಸಮಾಚಾರ, ಮಳೆಯ ವರ್ತಮಾನ, ಯಂತ್ರದ ರಿಪೇರಿ. ಒಂದು ವಾರದ ಬಳಿಕ ನಾನೂ ಅವರ ಪದ್ಧತಿಯಲ್ಲಿಯೇ ಮಾತನಾಡಿ, ನಾಳೆಯಿಂದ ಎಂಟು ಗಂಟೆಗೆ ಇಂತಹ ಕಡೆ ಎ.ಎಂ.ನಲ್ಲಿ ಕರೆಯುವೆನೆಂದು ಬಿನ್ನವಿಸಿಕೊಂಡೆನು. ಒಮ್ಮೆ ಕರೆದು ಐದು ನಿಮಿಷ ಕೇಳುವುದು, ಇದೇ ನಿಯಮವಾಯಿತು.

ಹನ್ನೆರಡನೆಯ ಬೆಳಿಗ್ಗೆ, ಕರೆದು ಸುಮ್ಮನಾದೊಡನೆ, ಗೊರಗೊರ ಸದ್ದು ತಟ್ಟನೆ ಅಡಗಿತು. ಎ.ಎಂ. ವಾಹಕ ಬಂದಾಗ ಹೀಗಾಗುವುದು. ಯಾರೋ ಕೋಣೆಗೆ ಬಂದು ಮಾತಿಗೆ ಮುಂಚೆ ನಿಂತಂತೆ. ಆಮೇಲೆ ಮುದಿದನಿಯೊಂದು ಕೇಳಿತು. ಉಡುಪಿಯ ಕಡೆಯ ಹಿರಿಯರು, ಎಂಬತ್ತು ದಾಟಿದವರು. “ಹನ್ನೊಂದು ದಿನದಿಂದ ಕೇಳುತ್ತಿದ್ದೇನೆ, ಸ್ವಾಮಿ. ಉತ್ತರ ಕೊಡಲು ಯಂತ್ರ ಅಟ್ಟದ ಮೇಲಿತ್ತು. ಇಳಿಸಿ, ಒರೆಸಿ, 807 ಕವಾಟವನ್ನು ಬದಲಿಸಲು ಇಷ್ಟು ದಿನ ಹಿಡಿಯಿತು. ಎ.ಎಂ. ಆಡುವವರು ಇನ್ನಾರೂ ಉಳಿದಿಲ್ಲವೆಂದು ನಾನೂ ಕರೆಯುವುದನ್ನು ಬಿಟ್ಟಿದ್ದೆ” ಎಂದರು. ನನಗೆ ಕೊರಳು ಕಟ್ಟಿ, ನನ್ನ ಕರೆಸಂಕೇತವನ್ನೇ ತಪ್ಪಾಗಿ ಹೇಳಿದೆನು.

ವಾಚಕರೆ, ಆ ದಿನ ನನಗೆ ನನ್ನ ತರಗತಿಯೇ ನೆನಪಾಯಿತು. ಪ್ರಶ್ನೆಯನ್ನು ಕೇಳಿ, ಒಂದು ಗಳಿಗೆಯೂ ಕಾಯದೆ, ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆನು. ಹಿಂದಿನ ಬೆಂಚಿನ ಹುಡುಗರಿಗೆ ಏನೂ ಬಾರದೆಂದು ಗೊಣಗುತ್ತಿದ್ದೆನು. ಅವರಲ್ಲಿಯೂ ಉತ್ತರವನ್ನು ಅಟ್ಟದಿಂದ ಇಳಿಸುತ್ತಿದ್ದವರು ಎಷ್ಟು ಮಂದಿಯೋ! ಹನ್ನೊಂದು ದಿನವಿರಲಿ, ಹನ್ನೊಂದು ನಿಮಿಷವನ್ನೂ ನಾನು ಅವರಿಗೆ ಕೊಡಲಿಲ್ಲ.

ಕಳೆದ ಮಳೆಗಾಲದಲ್ಲಿ ಮರ ಬಿದ್ದು ನಮ್ಮ ಕಡೆ ಎರಡು ದಿನ ವಿದ್ಯುತ್ತೂ ಇಲ್ಲ, ಮೊಬೈಲೂ ಇಲ್ಲ. ಎಂಟು ಗಂಟೆಗೆ ಬ್ಯಾಟರಿಗೆ ಯಂತ್ರವನ್ನು ಸೇರಿಸಿದರೆ, ನಾನು ಕರೆಯುವ ಮೊದಲೇ ಸದ್ದಡಗಿ ಅವರ ದನಿ ಬಂದಿತು: “ಘಟ್ಟದ ಮೇಲೆ ಬಹಳ ಮಳೆಯಂತೆ. ಕ್ಷೇಮವೇ ಮೇಷ್ಟರೆ?” ಬಾಗಿಲಲ್ಲಿ ನಿಂತಿದ್ದ ಮನೆಯವಳು ಒಳಗೆ ಬಂದು ಕುಳಿತಳು. “ಕ್ಷೇಮವೆಂದು ಹೇಳಿರಿ; ಅವರದನ್ನೂ ಕೇಳಿರಿ” ಎಂದಳು.